ಅಡುಗೆಮನೆ ಕಿಟಕಿಯಾಚೆಯ ಸುಗುಣಮ್ಮ

ಗೋವಿಂದರಾಜನಗರದ ವಠಾರವೊಂದರಲ್ಲಿ ಸುಗುಣಮ್ಮನವರ ಸಂಸಾರವೊಂದೇ ಕ್ರೈಸ್ತರದು. ಗಂಡ ರಾಜಾಜಿನಗರದ ಕಾರ್ಖಾನೆಯಲ್ಲಿ ಫಿಟ್ಟರ್. ಈಕೆ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಸುತ್ತಲಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಆದರೆ ಅವರು ಯಾರಿಗಾದರೂ ಉಪದೇಶ ಮಾಡಿದ್ದನ್ನು ವಠಾರದವರು ಕೇಳಿರಲಿಲ್ಲ.

ಎಪ್ಪತ್ತನಾಲ್ಕರ ಆಷಾಢದಲ್ಲಿ ಎದುರು ಮನೆಯ ಅನಂತಲಕ್ಷ್ಮಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಅವರದು ಕಟ್ಟುನಿಟ್ಟಿನ ಮಡಿ. ಬೇರೆಯವರು ಮಾಡಿದ್ದನ್ನು ತಿನ್ನುವವರಲ್ಲ. ಮಗಳು ಅಲಮೇಲು ಮೈಸೂರಿನಲ್ಲಿ, ತುಂಬಿದ ಬಸುರಿ. ಗಂಡ ಚಕ್ರಪಾಣಿಗಳಿಗೆ ಕಾಫಿ ಬೆರೆಸಲೂ ಬಾರದು.

ಸುಗುಣಮ್ಮ ಅಂಗಳದಲ್ಲೇ ನಿಂತು ಹೇಳಿದರು: "ಅಮ್ಮಾವ್ರೇ, ನಿಮ್ಮ ಮಡೀನ ನಾನು ಕೆಡ್ಸಲ್ಲ. ಹೊರಗಿದ್ದೇ ಏನ್ ಮಾಡ್ಬೋದು ಹೇಳಿ."

ಮಾರನೆಯ ದಿನದಿಂದ ಅವರು ಎದುರು ಮನೆಯ ಅಡುಗೆಮನೆ ಕಿಟಕಿಯ ಹೊರಗೆ ಸ್ಟೂಲು ಹಾಕಿಕೊಂಡು, ಗುಂಡಿ ಹೊಲಿಯುತ್ತ, ಚಕ್ರಪಾಣಿಗಳಿಗೆ ಅಡುಗೆ ಹೇಳಿಕೊಡತೊಡಗಿದರು.

"ಸಾರ್, ಉಪ್ಪು ಹಾಕಿದ್ರಾ?"

"ಎರಡು ಹಿಡಿ ಹಾಕ್ದೆ ಕಣಮ್ಮ."

"ಅಯ್ಯೋ, ಹಿಡೀಲಲ್ಲ ಸಾರ್, ಚಮಚದಲ್ಲಿ!"

ನಡುಮನೆಯಲ್ಲಿ ಮಲಗಿದ್ದ ಅನಂತಲಕ್ಷ್ಮಮ್ಮ ನೋವು ಮರೆತು ನಕ್ಕುಬಿಟ್ಟರು. ಹದಿನೈದು ದಿನ ಕಳೆಯುವುದರೊಳಗೆ ಚಕ್ರಪಾಣಿಗಳು ಹುಳಿಗೆ ಒಗ್ಗರಣೆ ಹಾಕಿದರೆ ವಠಾರಕ್ಕೆಲ್ಲ ಇಂಗಿನ ಘಮ ಬರುತ್ತಿತ್ತು.

ಅಡುಗೆ ಕಲಿತರೂ ಹೆಂಡತಿಗೆ ಜಡೆ ಹಾಕುವುದು ಮಾತ್ರ ಅವರಿಂದಾಗಲಿಲ್ಲ. ಒಂದು ಬೆಳಿಗ್ಗೆ ಅನಂತಲಕ್ಷ್ಮಮ್ಮ ಬಾಚಣಿಗೆ ಹಿಡಿದು ಹೊರಗೆ ಬಂದು ಜಗಲಿಯ ಮೇಲೆ ಕೂತರು.

"ಸುಗುಣಾ, ಈ ಸಿಕ್ಕು ಬಿಡಿಸ್ತೀಯಾ? ಸ್ನಾನಕ್ಕೆ ಮುಂಚೆ ಮುಟ್ಟಿದ್ರೆ ಏನಿಲ್ಲ."

ಸುಗುಣಮ್ಮ ಎಣ್ಣೆ ಹಚ್ಚಿ ಒಂದೊಂದೇ ಎಳೆ ಬಿಡಿಸುವಾಗ ಅನಂತಲಕ್ಷ್ಮಮ್ಮನವರೇ ಮತ್ತೆ ಕೇಳಿದರು: "ದಿನಾ ಕೆಲಸ ಬಿಟ್ಟು ಬರ್ತೀಯಲ್ಲೇ, ಯಾಕೆ?"

"ನಮ್ಮ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ್ರಂತೆ ಅಮ್ಮಾ. ತಲೆ ಬಾಚೋದು ನಂಗೇನು ಕಷ್ಟ?"

"ಗುರುವೇ ಶಿಷ್ಯರ ಕಾಲು ತೊಳೆದ್ರಾ?" ಅನಂತಲಕ್ಷ್ಮಮ್ಮ ಬೆರಗಾಗಿ ತಿರುಗಿ ನೋಡಿದರು. ಆ ಕಥೆಯನ್ನು ಪೂರ್ತಿ ಹೇಳಿಸಿಕೊಂಡ ಮೇಲೇ ಎದ್ದರು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅಲಮೇಲು ತವರಿಗೆ ಬಂದಳು. ಕೆಲವೇ ದಿನಗಳಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೆರಿಗೆನೋವು ಒಂದು ಹಗಲು ಕಳೆದು ಎರಡನೆಯ ದಿನಕ್ಕೆ ಕಾಲಿಟ್ಟಿತು. ಸ್ನಾನಕ್ಕೆಂದು ಆಸ್ಪತ್ರೆಯಿಂದ ಬಂದ ಅನಂತಲಕ್ಷ್ಮಮ್ಮ ನೇರವಾಗಿ ಸುಗುಣಮ್ಮನವರ ಬಾಗಿಲಿಗೆ ಬಂದು ನಿಂತರು.

"ನಮ್ಮ ಪೆರುಮಾಳಿಗೆ ಹೇಳ್ಕೊಂಡಿದೀನಿ. ನಿನ್ನ ಸ್ವಾಮಿಗೂ ಒಂದು ಮಾತು ಹೇಳೇ."

ಸುಗುಣಮ್ಮ ತಲೆಯ ಮೇಲೆ ಸೆರಗು ಹೊದ್ದು, ಅವರ ಕೈ ಹಿಡಿದು, "ತಂದೇ, ಅಲಮೇಲು ಹತ್ರ ಇರಪ್ಪಾ, ಕೂಸನ್ನ ಕಾಪಾಡಪ್ಪಾ" ಎಂದು ಪ್ರಾರ್ಥಿಸಿದರು.

"ಇಂಗ್ಲಿಷಲ್ಲಿ ಹೇಳ್ತೀಯೇನೋ ಅಂದ್ಕೊಂಡಿದ್ದೆ" ಎಂದು ಅನಂತಲಕ್ಷ್ಮಮ್ಮ ಕಣ್ಣೊರೆಸಿಕೊಂಡರು.

"ಅವರಿಗೆ ಕನ್ನಡ ಚೆನ್ನಾಗಿ ಬರತ್ತೆ ಅಮ್ಮಾ."

ಮಧ್ಯಾಹ್ನ ಚಕ್ರಪಾಣಿಗಳು ಆಟೋದಿಂದ ಇಳಿಯುತ್ತಲೇ ಕೂಗಿದರು: "ಹೆಣ್ಣು ಕಣೇ! ತಾಯಿ ಮಗು ಇಬ್ರೂ ಚೆನ್ನಾಗಿದಾರೆ!" ಅನಂತಲಕ್ಷ್ಮಮ್ಮ ಸಕ್ಕರೆ ಡಬ್ಬಿ ಹಿಡಿದು ಅಂಗಳ ದಾಟಿ ಓಡಿಬಂದು ಸುಗುಣಮ್ಮನವರ ಬಾಯಿಗೇ ಒಂದು ಹಿಡಿ ತುಂಬಿದರು. ಇಬ್ಬರೂ ನಕ್ಕರು.

ನಾಮಕರಣದ ದಿನ ಮಗುವನ್ನು ಸುಗುಣಮ್ಮನವರ ಮಡಿಲಿಗೆ ಹಾಕಿದವರು ಅನಂತಲಕ್ಷ್ಮಮ್ಮನವರೇ. ಕೂಸು ಅವರ ಹೊಸ ಸೀರೆಯನ್ನು ತಕ್ಷಣ ಒದ್ದೆ ಮಾಡಿತು. ವಠಾರದವರೆಲ್ಲ ಹೋ ಎಂದು ನಕ್ಕರು. ಸುಗುಣಮ್ಮ ಮಾತ್ರ ಕೂಸನ್ನು ಕೆಳಗಿಳಿಸಲೇ ಇಲ್ಲ.