ಕುಡುಕನೆಂಬ ಹೆಸರು

ನನ್ನ ತಮ್ಮ ತಾನಾಗಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ. ಪಾಂಡವಪುರದಲ್ಲಿ ಅವನನ್ನು ನೆನೆಯುವವರು ಇಂದಿಗೂ ‘ಕುಲುಮೆಯವರ ಕುಡುಕ ಮಗ’ ಎಂದೇ ನೆನೆಯುತ್ತಾರೆ. ಹಾಗೆ ನೆನೆಯುವವರಲ್ಲಿ ಅವನ ಬಾಯಿಯ ವಾಸನೆ ತಿಳಿಯುವಷ್ಟು ಹತ್ತಿರ ಬಂದವರು ಒಬ್ಬರೂ ಇಲ್ಲ.

ನಮ್ಮ ಅಪ್ಪ ಕುಲುಮೆ ನಡೆಸುತ್ತಿದ್ದರು. ಕುಡುಗೋಲು, ಮಚ್ಚು, ನೇಗಿಲಿನ ಗುಳ, ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಅವ್ವ ಬೇಗ ತೀರಿಕೊಂಡಿದ್ದರಿಂದ ನನಗಿಂತ ಆರು ವರ್ಷಕ್ಕೆ ಚಿಕ್ಕವನಾದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಮೀಸೆ ಮೂಡುವ ಹೊತ್ತಿಗೆ ಅವನು ಅಪ್ಪನ ಎದುರು ಸಮ್ಮಟಿಗೆ ಹಿಡಿದು ನಿಂತ. ಆ ಕೆಲಸದಲ್ಲಿ ಮಾತಿಗೆ ಜಾಗವಿಲ್ಲ. ಅಪ್ಪ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಒಂದು ಕಡೆ ತಟ್ಟಿದರೆ, ತಮ್ಮನ ಸಮ್ಮಟಿಗೆ ಅದೇ ಜಾಗಕ್ಕೆ ಇಳಿಯಬೇಕು. ಸುತ್ತಿಗೆ ಬರಿಯ ಅಡಿಗಲ್ಲಿಗೆ ಬಡಿದರೆ ನಿಲ್ಲಬೇಕು. ವರ್ಷಗಟ್ಟಲೆ ಅವರಿಬ್ಬರೂ ಹೀಗೆ ದುಡಿದರು. ಮನೆಯೊಳಗೆ ಕುಳಿತು ಸದ್ದು ಕೇಳಿದರೇ ಕೆಲಸ ಎಲ್ಲಿಗೆ ಬಂತೆಂದು ನನಗೆ ತಿಳಿಯುತ್ತಿತ್ತು.

ಅವನಿಗೆ ಇಪ್ಪತ್ತು ದಾಟಿದ ಮೇಲೆ ಆ ಸದ್ದು ಕೆಟ್ಟಿತು. ಸಮ್ಮಟಿಗೆ ತಡವಾಗಿ ಬೀಳುತ್ತಿತ್ತು, ಅಥವಾ ಬೇರೆ ಕಡೆ ಬೀಳುತ್ತಿತ್ತು. ಎಡಗಾಲು ನೆಲಕ್ಕೆ ಉಜ್ಜಿ ಬರತೊಡಗಿತು. ಹಿಡಿದ ಲೋಟದ ನೀರು ತುಳುಕುತ್ತಿತ್ತು, ನಾಲಗೆ ಮಾತಿನ ಹಿಂದೆ ಬೀಳುತ್ತಿತ್ತು. ಬೆಳಿಗ್ಗೆ ಎಡವಿದವನು ಸಂಜೆ ನೇರವಾಗಿ ನಡೆಯುತ್ತಿದ್ದುದೂ ಉಂಟು. ಊರಿಗೆ ಬೇಕಾಗಿದ್ದುದು ಅಷ್ಟೇ. ಒಂದು ಹೊತ್ತು ತೂರಾಡಿ ಇನ್ನೊಂದು ಹೊತ್ತು ಸರಿಯಾಗುವುದಕ್ಕೆ ಅವರ ತಲೆಯಲ್ಲಿದ್ದ ಕಾರಣ ಒಂದೇ.

ಒಂದು ಶನಿವಾರ, ನಾನು ಪಾಠ ಹೇಳುತ್ತಿದ್ದ ಕಿರಂಗೂರಿನ ಶಾಲೆಯಿಂದ ಮನೆಗೆ ಬಂದಿದ್ದ ದಿನ, ಸಮ್ಮಟಿಗೆ ಇಕ್ಕಳದ ಹಿಡಿಗೆ ಬಿತ್ತು. ಇಕ್ಕಳ ಎಗರಿ ಅಪ್ಪನ ಮಣಿಕಟ್ಟು ಮುರಿಯಿತು. ಕುಡುಗೋಲು ತಟ್ಟಿಸಲು ಬಂದವರು ನೆರೆದಿದ್ದರು. ಬಾಗಿಲಲ್ಲಿ ಚಿಕ್ಕಪ್ಪ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದರು. ಕುಲುಮೆಯಲ್ಲಿ ಅವರು ಮಾಡುತ್ತಿದ್ದ ಕೆಲಸವೆಂದರೆ ಬಹುಮಟ್ಟಿಗೆ ಅದೇ.

“ರಾತ್ರಿ ಎಲ್ಲಿಗೋಗಿದ್ಯಲಾ?” ಎಂದು ಕೇಳಿದರು.

“ಎಲ್ಲೂ ಓಗಿಲ್ಲ ಕಣ್ ಚಿಕ್ಕಪ್ಪ. ಕೈ ನನ್ ಮಾತ್ ಕೇಳ್ನಿಲ್ಲ.”

“ಕೈಯಲ್ಲ ಕಣ್ಲಾ, ಒಟ್ಟೇಲಿರೋದು ಕೇಳ್ತಿಲ್ಲ.”

ನೆರೆದವರು ನಕ್ಕರು. ಅಪ್ಪ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದರು. ಮಗ ಕುಡಿಯುವುದಿಲ್ಲವೆಂದು ಬಲ್ಲ ಆ ಮನುಷ್ಯ ಅಂದು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಆಡಲಿಲ್ಲ. ಮಗ ಕುಡುಕನಾದರೆ ಒಂದಲ್ಲ ಒಂದು ದಿನ ಬಿಟ್ಟಾನು ಎಂಬ ಆಸೆ ಇರುತ್ತದೆ, ಕಾಯಿಲೆಯಾದರೆ ಅದೂ ಇಲ್ಲ. ಅಪ್ಪ ಆಸೆಯ ಕಡೆಗೆ ಸರಿದರು ಎಂದು ನಾನು ಆಮೇಲೆ ಲೆಕ್ಕ ಹಾಕಿದೆ. ಕ್ಷಮಿಸಿದೆ ಎಂದು ಮಾತ್ರ ಯಾರೂ ತಿಳಿಯಬಾರದು.

ತಮ್ಮನನ್ನು ಶ್ರೀರಂಗಪಟ್ಟಣದ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆ. ಬಸ್ಸಿನ ಕಂಡಕ್ಟರು ಅವನ ನಡಿಗೆ ನೋಡಿ, “ಕುಡ್ದೋರ್ನೆಲ್ಲ ಅತ್ತುಸ್ಕಬ್ಯಾಡಿ ಕಣಮ್ಮ, ವಾಂತಿ ಮಾಡ್ತಾರೆ” ಎಂದ. ಆ ಕಂಡಕ್ಟರನ ಮುಖದ ಮಚ್ಚೆ ಯಾವ ಕೆನ್ನೆಯ ಮೇಲಿತ್ತೆಂದು ಈಗಲೂ ಹೇಳಬಲ್ಲೆ. ವೈದ್ಯರು ನನ್ನನ್ನು ಹೊರಗೆ ಕಳಿಸಿ, ತಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಕುಡಿಯುತ್ತೀಯೆ ಎಂದು. ಇಲ್ಲವೆಂದವನನ್ನು ನಂಬದೆ ‘ನರದ ನಿಶ್ಶಕ್ತಿ’ ಎಂದು ಹೇಳಿ ಟಾನಿಕ್ಕು ಬರೆದುಕೊಟ್ಟರು. ‘ನನಗೆ ಗೊತ್ತಿಲ್ಲ’ ಎನ್ನುವುದನ್ನು ಆ ಕಾಲದ ವೈದ್ಯರು ಗಂಭೀರವಾಗಿ ಹೇಳುತ್ತಿದ್ದ ರೀತಿ ಅದು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದರು. ಕಲಿಯುವ ಹುಡುಗರನ್ನು ಸಾಲಾಗಿ ನಿಲ್ಲಿಸಿ ಅವನನ್ನು ಆಚೆಗೊಮ್ಮೆ ಈಚೆಗೊಮ್ಮೆ ನಡೆಸಿದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಮಾತ್ರ, “ಕಾಯಿಲೆ ಇರೋದು ನಿಜ ಕಣಮ್ಮ. ಅದರ ಹೆಸರು ನನಗೆ ಗೊತ್ತಾಗ್ತಿಲ್ಲ” ಎಂದರು. ಈ ಬರಹದಲ್ಲಿ ನಾನು ಕೈಮುಗಿಯುವುದು ಅವರೊಬ್ಬರಿಗೆ.

ಆ ಮಾತನ್ನು ಊರಿಗೆ ತಂದು ಹೇಳಿದೆ. ಹೆಸರಿಲ್ಲದ ಕಾಯಿಲೆ ಕಾಯಿಲೆಯೇ ಅಲ್ಲ ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ನಾನು ಕಿರಂಗೂರಿಗೆ ಹೊರಟ ವಾರವೇ ಅವನನ್ನು ಬಸ್ಸು ಹತ್ತಿಸಿಕೊಂಡು ಕೆ.ಆರ್. ಪೇಟೆಯ ಆಚೆಯ ಒಂದು ಹಳ್ಳಿಗೆ ಕರೆದೊಯ್ದರು. ಅಲ್ಲಿ ಕುಡಿತ ಬಿಡಿಸುವವನೊಬ್ಬನಿದ್ದ. ಯಾವುದೋ ಬೇರು ಅರೆದು ನುಂಗಿಸಿ, ಅದರ ಮೇಲೆ ಹೆಂಡ ಕುಡಿಸಿ, ಕರುಳು ಬಾಯಿಗೆ ಬರುವಂತೆ ಕಕ್ಕಿಸುವುದು ಅವನ ಚಿಕಿತ್ಸೆ. ಆಮೇಲೆ ಹೆಂಡದ ವಾಸನೆ ಕಂಡರೇ ಓಡುತ್ತಾರಂತೆ. ತಮ್ಮ ಬೇಡವೆಂದು ಅತ್ತನಂತೆ. ಇಬ್ಬರು ಕೈ ಹಿಡಿದರಂತೆ, ಚಿಕ್ಕಪ್ಪ ಮೂಗು ಹಿಡಿದರಂತೆ. ನನ್ನ ತಮ್ಮ ಜನ್ಮದಲ್ಲಿ ಕುಡಿದ ಒಂದೇ ಬೋಗುಣಿ ಹೆಂಡ, ಕುಡಿತ ಬಿಡಿಸುವವನು ಕುಡಿಸಿದ್ದು.

ಮರಳಿ ಬಂದಾಗ ಅವನಿಗೆ ಗೋಡೆ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. “ನೋಡು, ಚಟ ಬುಡಾಗ ಮೈ ನಡುಗ್ತದೆ, ಅಂಗೇಯ” ಎಂದು ಚಿಕ್ಕಪ್ಪ ನನಗೆ ತಿಳಿಹೇಳಿದರು. ನಾನು ಅವನ ಎರಡು ಅಂಗಿ, ಒಂದು ಕಂಬಳಿ ಕಟ್ಟಿಕೊಂಡು ಅವನನ್ನು ಕಿರಂಗೂರಿಗೆ ಕರೆದುಕೊಂಡು ಹೋದೆ. ಹೊರಡುವಾಗ ಅವನು ಕೇಳಿದ್ದು ಅನ್ನವನ್ನಲ್ಲ, ಔಷಧಿಯನ್ನಲ್ಲ. “ಅಕ್ಕ, ನಾ ಕುಡುಕ ಅಲ್ಲ ಅಂತ ಅವುರ್ಗೆ ಏಳು” ಎಂದ. ಕಾಯಿಲೆ ವಾಸಿ ಮಾಡುವುದು ನನ್ನ ಕೈಯಲ್ಲಿರಲಿಲ್ಲ. ಈ ಹೆಸರನ್ನು ತೆಗೆಯುವುದು ನನ್ನ ಕೈಯಲ್ಲಿದೆ ಎಂದುಕೊಂಡೆ.

ಕಿರಂಗೂರಿನಲ್ಲಿ ಹಲವು ವರ್ಷ ಕಳೆದವು. ಜಗುಲಿಯ ಕಂಬಕ್ಕೆ ಒರಗಿ ಅವನು ರಸ್ತೆ ನೋಡುತ್ತ ಕೂರುತ್ತಿದ್ದ. ಬೆಲ್ಲದ ಕಾಫಿ ಅವನಿಗೆ ಪ್ರಾಣ. ಚೆಲ್ಲದಂತೆ ನಾನೇ ಲೋಟ ಹಿಡಿದು ಕುಡಿಸುತ್ತಿದ್ದೆ. ಅಷ್ಟೂ ಕಾಲ ತಿರುಗಿ ನೋಡದ ಚಿಕ್ಕಪ್ಪ ಒಂದು ದಿನ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಅವರ ಮಗಳಿಗೆ ನಾಗಮಂಗಲದ ಕಡೆಯ ಸಂಬಂಧ ಕೂಡಿಬಂದಿತ್ತು.

“ನೀನು ಓದಿರೋಳು ಕಣವ್ವ, ನಿಂಗೆ ಬಿಡ್ಸಿ ಏಳ್ಬೇಕಾ? ಅವ್ರು ಇಲ್ಲಿಗೂ ಬಂದು ವಿಚಾರಿಸ್ತಾರೆ. ಕುಡೀತಾನೆ ಅಂತ್ಲೇ ಅನ್ನು.”

“ಕುಡಿಯದವನನ್ನು ಯಾಕೆ ಹಾಗೆನ್ನಲಿ?”

“ಕುಡುಕ್ರು ಯಾರ ಮನೇಲಿಲ್ಲ? ಅದುಕ್ಕೆ ಸಂಬಂಧ ಮುರಿಯಾಕಿಲ್ಲ. ನರದ ಕಾಯ್ಲೆ ಅಂದ್ರೆ ರಕ್ತದಲ್ಲೈತೆ ಅಂತಾರೆ, ಇನ್ಯಾರೂ ಬಾಗ್ಲು ತುಳಿಯಾಕಿಲ್ಲ.”

“ಹಾಗಾದರೆ ಇದು ಕಾಯಿಲೆ ಅಂತ ನಿಮಗೆ ಗೊತ್ತಿತ್ತು.”

ಅವರು ಹಣ್ಣಿನ ಚಿಪ್ಪನ್ನು ಸರಿಮಾಡಿ ಇಟ್ಟರು. “ಗೊತ್ತಿಲ್ದೆ ಏನು? ನಾನೇನ್ ದಡ್ನಾ?”

ಜಗುಲಿಯಲ್ಲಿ ಕೂತಿದ್ದ ತಮ್ಮನಿಗೆ ಪ್ರತಿಯೊಂದು ಮಾತೂ ಕೇಳುತ್ತಿತ್ತು. ಕಾಲು ಕೆಟ್ಟಿತ್ತು, ಕಿವಿ ಕೆಟ್ಟಿರಲಿಲ್ಲ. ಮೂಗು ಹಿಡಿದು ಹೆಂಡ ಹೊಯ್ಯುವಾಗಲೂ ಈ ಮನುಷ್ಯನಿಗೆ ಗೊತ್ತಿತ್ತು. ನಾನು ಅದುವರೆಗೆ ಅವರನ್ನು ಮೂರ್ಖರೆಂದು ಭಾವಿಸಿ ಒಂದಿಷ್ಟು ರಿಯಾಯಿತಿ ಕೊಟ್ಟಿದ್ದೆ. ಅಂದು ಅದನ್ನು ಹಿಂದಕ್ಕೆ ಪಡೆದೆ. ಬಾಳೆಹಣ್ಣನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದೆ.

ನಾಗಮಂಗಲದ ಹಿರಿಯರೊಬ್ಬರು ಬಂದಾಗ ನಾನು ಇದ್ದುದನ್ನು ಇದ್ದಂತೆ ಹೇಳಿದೆ. ತಮ್ಮನಿಗೆ ಕಾಯಿಲೆ, ಯಾವ ಡಾಕ್ಟರಿಗೂ ಅದರ ಹೆಸರು ಗೊತ್ತಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಈವರೆಗೆ ಬಂದಿಲ್ಲ, ಮುಂದಿನದು ಹೇಳಲಾರೆ ಎಂದೆ. ಅವರು ಜಗುಲಿಯಲ್ಲಿದ್ದ ತಮ್ಮನ ಕಡೆ ನೋಡಿದರು.

“ನಿಮ್ ಚಿಕ್ಕಪ್ಪ ಬ್ಯಾರೆ ಏಳಿದ್ರು.”

“ಏನು ಹೇಳಿದರೆಂದು ಗೊತ್ತು.”

“ನಮ್ ಮನೇಲೂ ಮಾತು ಬರ್ದೇ ಇರೋಳು ಒಬ್ಳವ್ಳೆ. ನಾವೇನು ಅಟ್ಟದ ಮ್ಯಾಲೆ ಮಡಗಿಲ್ಲ” ಎಂದು ಎದ್ದು, ತಮ್ಮನ ಹತ್ತಿರ ಹೋಗಿ, “ಬತ್ತೀನಪ್ಪ, ಉಷಾರು” ಎಂದರು. ತಮ್ಮ ಕೈ ಮುಗಿಯಲು ಹೋದ. ಎರಡು ಕೈಗಳೂ ಕೂಡಿಕೊಳ್ಳಲು ಹೆಣಗಿ ಕೊನೆಗೆ ಕೂಡಿದವು.

ಮದುವೆ ನಡೆಯಿತು. ಸುಳ್ಳಿಲ್ಲದೆಯೂ ನಡೆಯುವ ಮದುವೆಗಾಗಿ ಒಬ್ಬನ ಮಾನವನ್ನು ಅಷ್ಟು ವರ್ಷ ಅಡವಿಟ್ಟಿದ್ದರು. ಇಷ್ಟಾದ ಮೇಲಾದರೂ ಚಿಕ್ಕಪ್ಪ ಮಾತು ತಿದ್ದಿಕೊಳ್ಳಬಹುದಿತ್ತು. ಆದರೆ ತಿದ್ದಿಕೊಂಡರೆ ಕೆ.ಆರ್. ಪೇಟೆಯ ಕಥೆಗೆ ಉತ್ತರ ಹೇಳಬೇಕಾಗುತ್ತದೆ. ಕುಡುಕ ಕುಡುಕನಾಗಿಯೇ ಉಳಿದ.

ಎಪ್ಪತ್ತರ ದಶಕದ ನಡುವೆ ತಮ್ಮ ತೀರಿಕೊಂಡ. ಕೊನೆಗೆ ನೀರು ನುಂಗುವುದೂ ಕಷ್ಟವಾಗಿತ್ತು. ತಿಥಿಯನ್ನು ಹುಟ್ಟಿದ ಮನೆಯಲ್ಲೇ ಮಾಡಬೇಕೆಂದು ಅಪ್ಪ ಹಟ ಹಿಡಿದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಅಂದು ಎಡೆಗೆ ಇಡುವುದು ನಮ್ಮ ಕಡೆಯ ಪದ್ಧತಿ. ಬೀಡಿ ಸೇದುವವರಿಗೆ ಬೀಡಿ, ಎಲೆ ಹಾಕುವವರಿಗೆ ಎಲೆ. ನಾನು ಬಾಳೆಯೆಲೆಯ ಮೇಲೆ ಅನ್ನ, ಕಾಳು ಸಾರು, ಪಾಯಸ ಬಡಿಸಿ ಬೆಲ್ಲದ ಕಾಫಿಯ ಲೋಟ ಇಟ್ಟೆ. ಚಿಕ್ಕಪ್ಪ ಟವೆಲಿನಿಂದ ಒಂದು ಸಾರಾಯಿ ಬಾಟಲಿ ಬಿಚ್ಚಿ, ಲೋಟದ ಪಕ್ಕ ನಿಲ್ಲಿಸಿದರು.

“ಪಾಪ, ಅವುನ್ ಆಸೆ. ಅಲ್ಲಾದ್ರೂ ತಣ್ಣಗೆ ಕುಡೀಲಿ” ಎಂದರು. ನೆಂಟರು ಹೌದು ಹೌದೆಂದು ತಲೆಯಾಡಿಸಿದರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಬಾಟಲಿ ಎತ್ತಿಕೊಂಡೆ.

“ಎಡೆಗಿಟ್ಟುದ್ದು ತೆಗೀಬಾರ್ದು ಕಣವ್ವ, ಕಾಗೆ ಮುಟ್ಟಾಕಿಲ್ಲ” ಎಂದು ಯಾರೋ ಹಿಂದಿನಿಂದ ಹೇಳಿದರು.

“ಮುಟ್ಟದಿದ್ದರೆ ಬೇಡ. ಅವನು ಕುಡಿಯುತ್ತಿರಲಿಲ್ಲ. ಅವನಿಗೆ ಕಾಯಿಲೆ ಇತ್ತು. ಇದು ಚಿಕ್ಕಪ್ಪನಿಗೂ ಗೊತ್ತಿತ್ತು, ಕಿರಂಗೂರಿನಲ್ಲಿ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಬೇಕಾದರೆ ಕೇಳಿ.”

ಯಾರೂ ಕೇಳಲಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ನೆಂಟರ ಪಂಕ್ತಿ ಕೂತಾಗ ಆ ಬಾಟಲಿಯನ್ನು ಚಿಕ್ಕಪ್ಪನ ಎಲೆಯ ತುದಿಗೆ, ಉಪ್ಪಿನ ಪಕ್ಕ ಇಟ್ಟೆ. ಅವರು ಅದನ್ನು ಅತ್ತ ಸರಿಸಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. ಅದರ ಪಕ್ಕದಲ್ಲೇ ಕುಳಿತು ಊಟ ಮುಗಿಸಿದರು. ಪಾಯಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.