ದೇವಿಕಾಳ ಬಂದೂಕಿಗೆ ಎರಡು ಬೆರಳು ಮರ

ಸುರಪುರದ ರಂಗಂಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಶಿಮಸಾಬರು ಗರಗಸ ಎತ್ತಿಕೊಳ್ಳುತ್ತಾರೆ, ಮತ್ತೆ ಕೆಳಗಿಡುತ್ತಾರೆ. ಎದುರಿನ ಬೆಂಚಿನ ಮೇಲಿರುವುದು ಅವರೇ ಕಳೆದ ವರ್ಷ ಸಾಗುವಾನಿಯಲ್ಲಿ ಕೆತ್ತಿ, ಎಣ್ಣೆ ಕುಡಿಸಿ, ಕೂಸಿನ ಕೆನ್ನೆಯಂತೆ ನುಣ್ಣಗೆ ಮಾಡಿದ ಏರ್‌ಗನ್ನಿನ ಕುಂದಾ. ಅದನ್ನೀಗ ಕೊಯ್ಯಬೇಕು. ಬೆಂಚಿನ ಆಚೆ ನಿಂತಿರುವ ದೇವಿಕಾ ಒಂಬತ್ತನೇ ತರಗತಿಯ ಹುಡುಗಿ, ಬಂದೂಕು ಅವಳದು. ಇವತ್ತು ಮಧ್ಯಾಹ್ನ ಯಾದಗಿರಿಯಲ್ಲಿ ಜಿಲ್ಲಾ ಶೂಟಿಂಗ್ ತಂಡದ ಆಯ್ಕೆ ಇದೆ. ಗರಗಸ ಸೊಟ್ಟ ಹೋದರೆ, ಮರ ಸೀಳಿದರೆ, ಅವಳಿಗೆ ಬೇರೆ ಬಂದೂಕಿಲ್ಲ.

“ನೋಡಬ್ಯಾಡವ್ವಾ, ಆ ಕಡಿ ಹೊಳ್ಳು” ಎನ್ನುತ್ತಾರೆ ಹಾಶಿಮಸಾಬರು.

“ನೋಡ್ತೀನಿ ಚಾಚಾ. ನಂದದ ಅದು.”

ಕುಂದಾ ಎಂದೊಡನೆ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ, ಇದು ಬೆಳಗಾವಿಯ ಸಿಹಿಯಲ್ಲ. ಬಂದೂಕಿನ ಕಬ್ಬಿಣವನ್ನು ಹೊತ್ತು, ಒಂದು ತುದಿಯನ್ನು ಭುಜಕ್ಕೆ ಆನಿಸಿ, ಬೆನ್ನ ಮೇಲೆ ಕೆನ್ನೆ ಇಡಿಸಿಕೊಳ್ಳುವ ಮರದ ಮೈ. ಅಗ್ಗದ ಏರ್‌ಗನ್ನುಗಳು ಕಾರ್ಖಾನೆಯಿಂದ ಬರುವಾಗಲೇ ಕುಂದಾ ಇರುತ್ತದೆ. ಆದರೆ ಅದನ್ನು ಮಾಡಿದವರ ಕಣ್ಣಲ್ಲಿ ಲೋಕದವರೆಲ್ಲ ಆಳೆತ್ತರದ ಗಂಡಸರೇ! ದೇವಿಕಾಳ ಕೈಗೆ ಬಂದ ಹಳೆಯ ಬಂದೂಕಿನದಂತೂ ಒಡೆದು ತಂತಿ ಸುತ್ತಿಸಿಕೊಂಡಿತ್ತು. ಕಾರ್ಖಾನೆಯದು ಹೊಂದದವರಿಗೆಲ್ಲ ಮೈಯಳತೆಗೆ ತಕ್ಕ ಕುಂದಾ ಮಾಡಿಕೊಡುವವರು ಈ ಹಾಶಿಮಸಾಬರು.

ಅವರ ಅಳತೆಯ ರೀತಿಯೇ ಬೇರೆ. ಟೇಪು ಹಿಡಿಯುವುದಿಲ್ಲ. ಕಣ್ಣು ಮುಚ್ಚಿಸಿ, ಬಂದೂಕನ್ನು ಭುಜಕ್ಕೆ ಏರಿಸಿ ಆರಾಮಾಗಿ ನಿಲ್ಲಲು ಹೇಳುತ್ತಾರೆ. ಆಮೇಲೆ ಕಣ್ಣು ತೆರೆಯಬೇಕು. ನಳಿಗೆಯ ತುದಿಯ ಗುರಿಕಡ್ಡಿ ತಾನಾಗಿಯೇ ಕಣ್ಣೆದುರು ಇದ್ದರೆ ಮರ ಸರಿ. ಕುತ್ತಿಗೆ ಅತ್ತಿತ್ತ ಹುಡುಕಿದರೆ ಮರ ತಪ್ಪು. “ಕಣ್ಣ ತೆರದಿದ್ರ ಮಂದಿ ಮರಕ್ಕ ತಕ್ಕಂಗ ಬಗ್ಗತಾರ್ರಿ. ಕಣ್ಣ ಮುಚ್ಚಿದ್ರ ಮೈ ಖರೇ ಹೇಳ್ತದ” ಎನ್ನುತ್ತಾರೆ.

ಅವರ ತಂದೆ ಬಂಡಿಯ ಗಾಲಿ ಮಾಡುತ್ತಿದ್ದವರು. ಗಾಲಿ ಹೋದ ಮೇಲೆ ಇವರು ಬಾಗಿಲು, ಹೊರಸು, ತೊಟ್ಟಿಲು ಎಂದು ಕೆಲಸ ಹಿಡಿದರು. ಇವತ್ತಿಗೂ ಹೊಟ್ಟೆ ತುಂಬಿಸುವುದು ಅವೇ. ಬಂದೂಕು ಕೈಗೆ ಬಂದದ್ದು ಆಕಸ್ಮಿಕ. ಶಹಾಪುರ ಕಡೆಯ ಉರುಸಿನಲ್ಲಿ ಬಲೂನು ಹೊಡೆಸುವ ಅಂಗಡಿಯ ಖಾಜಾಮಿಯಾ ಎಂಬಾತ ಮುರಿದ ಬಂದೂಕೊಂದನ್ನು ತಂದು, “ಇದಕ್ಕೊಂದು ಕಾಲು ಮಾಡಿಕೊಡ್ರಿ” ಎಂದನಂತೆ. ಅಲ್ಲಿಂದ ಶುರು. ಹಳೆಯ ಗೋದಾಮಿನಲ್ಲಿ ಮಕ್ಕಳಿಗೆ ಗುರಿ ಕಲಿಸುವ ದೈಹಿಕ ಶಿಕ್ಷಕ ಚಂದ್ರಾಮಪ್ಪ ಮಾಸ್ತರರ ಕಿವಿಗೂ ಸುದ್ದಿ ಬಿತ್ತು. ಈಗ ತಿಂಗಳಿಗೆ ಎರಡೋ ಮೂರೋ ಕುಂದಾ ಮಾಡುತ್ತಾರೆ. ಇದುವರೆಗೆ ಎಷ್ಟು ಎಂದರೆ, “ತೊಟ್ಟಿಲಾ ಎಣಿಸಿಲ್ಲ, ಇವನ್ನ ಎಲ್ಲಿ ಎಣಿಸ್ಲಿ?” ಎಂದು ನಗುತ್ತಾರೆ. ಎಡಗೈ ಹೆಬ್ಬೆರಳಿನ ಉಗುರನ್ನು ಉಳಿ ಎಂದೋ ತಿಂದುಹಾಕಿದೆ. ಹಕ್ಕಿ ಹೊಡೆಯುವವರು ಬಂದರೆ ಮಾತ್ರ ಕಟ್ಟಿಗೆ ಖಾಲಿಯಾಗಿದೆ ಎಂದು ಮುಖಕ್ಕೆ ಹೇಳಿ ಕಳಿಸುತ್ತಾರೆ, ಬೆನ್ನ ಹಿಂದೆ ಹಲಗೆಗಳ ರಾಶಿ ಕಾಣುತ್ತಿದ್ದರೂ ಸರಿಯೇ.

ಇಂಥವರು ಎಡವಿದ್ದು ಎಲ್ಲಿ? ಮೂರು ತಿಂಗಳಿಂದ ದೇವಿಕಾಳ ಗುರಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಚಿತ್ತ ಎಲ್ಲಿಟ್ಟೀಯ ಎಂದು ಮಾಸ್ತರರು ಬೈದರು, ಆಯ್ಕೆಯಲ್ಲೂ ಹೀಗೇ ಆದರೆ ತಮ್ಮಿಂದ ಏನೂ ಮಾಡಲಾಗದು ಎಂದೂ ಹೇಳಿಬಿಟ್ಟರು. ನಿನ್ನೆ ಸಂಜೆ ಹುಡುಗಿ ಬಂದೂಕಿನ ಕಬ್ಬಿಣ ಸಡಿಲಾಗಿದೆಯೇನೋ ನೋಡಿ ಎಂದು ಬಂದಳು. ಹಾಶಿಮಸಾಬರು ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಬಂದೂಕು ಭುಜಕ್ಕೆ ಏರಿದ್ದೇ ತಡ, ಅವಳ ಹೆಬ್ಬೆರಳು ಅವಳದೇ ಮೂಗಿಗೆ ಬಡಿಯಿತು. ಕಬ್ಬಿಣಕ್ಕೇನೂ ಆಗಿರಲಿಲ್ಲ. ಒಂದು ವರ್ಷದಲ್ಲಿ ಹುಡುಗಿ ಬೆಳೆದಿದ್ದಳು, ಕುಂದಾ ಗಿಡ್ಡವಾಗಿತ್ತು!

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವರ ಹೆಂಡತಿ ಚಾಂದಬೀ ತಲೆ ಎತ್ತದೆಯೇ ಹೇಳಿದರು: “ಬೆಳಿಯೋ ಹುಡುಗಿಗಿ ಲಂಗಾ ಹೊಲಿಬೇಕಾದ್ರ ಒಳಗ ಮಡಚಿ ಅರಿವಿ ಬಿಡ್ತೀವಿ. ನೀವು ಇಷ್ಟ್ ದೊಡ್ಡ ಕಾರಿಗರ, ಅಷ್ಟೂ ತಿಳಿಲಿಲ್ಲೇನ್ರಿ?”

ಹಾಶಿಮಸಾಬರಿಗೆ ಅದಕ್ಕಿಂತ ಜೋರಾಗಿ ನಾಟಿದ್ದು ಹುಡುಗಿಯ ಮಾತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ನೀವ್ ಮಾಡಿದ್ದು ತಪ್ಪಿರಂಗಿಲ್ಲ, ನಂದೇ ತಪ್ಪದ ಅನ್ಕೊಂಡು ಬಗ್ಗಿ ಬಗ್ಗಿ ಹೊಡಿಯಾಕತ್ತಿದ್ದೆ ಚಾಚಾ” ಎಂದಳು. ಅವರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ಪಾಪ, ಮೂರು ತಿಂಗಳು ಬೈಸಿಕೊಂಡ ಮಗು ಅವರನ್ನೇ ನಂಬಿಕೊಂಡಿತ್ತು.

ಈಗ ಉಳಿದದ್ದು ಒಂದೇ ದಾರಿ. ಭುಜಕ್ಕೆ ಆನುವ ದುಂಡನೆ ತುದಿಯನ್ನು ಕೊಯ್ದು, ನಡುವೆ ಎರಡು ಬೆರಳು ದಪ್ಪದ ತುಂಡು ಕೂಡಿಸಿ, ತುದಿಯನ್ನು ಮತ್ತೆ ಹಚ್ಚಬೇಕು. “ಬಿಸ್ಮಿಲ್ಲಾ” ಎಂದು ಹಾಶಿಮಸಾಬರು ಗರಗಸ ಇಳಿಸುತ್ತಾರೆ. ಹುಡಿ ಉದುರುತ್ತದೆ. ತುದಿ ಕಳಚಿ ಕೈಗೆ ಬಂದಾಗ ದೇವಿಕಾಳ ಕಣ್ಣಲ್ಲಿ ನೀರು. “ಅಳಬ್ಯಾಡ, ಇನ್ನಾ ಮುಗಿದಿಲ್ಲ” ಎನ್ನುತ್ತಾ ಅವರು ಹೊಸ ತುಂಡನ್ನು ಎತ್ತಿಕೊಳ್ಳುತ್ತಾರೆ.

ಹೊಸ ತುಂಡಿನ ಮೈಗೆ ಚಾಂದಬೀ ದೀಪಕ್ಕೆ ಹಿಡಿದು ಮಾಡಿದ ಕಾಡಿಗೆ ಸವರಿ, ಕುಂದಾಕ್ಕೆ ಒತ್ತಿ ತೆಗೆಯುತ್ತಾರೆ. ಕಪ್ಪು ಹತ್ತಿದ ಕಡೆ ಉಬ್ಬಿದೆ ಎಂದು ಅರ್ಥ, ಅಲ್ಲಿ ಉಳಿಯಿಂದ ಕೆರೆಯುತ್ತಾರೆ. ಮತ್ತೆ ಒತ್ತುತ್ತಾರೆ, ಮತ್ತೆ ಕೆರೆಯುತ್ತಾರೆ. ಇಡೀ ಮೈಗೆ ಸಮನಾಗಿ ಕಪ್ಪು ಹತ್ತುವವರೆಗೆ ಬಿಡುವುದಿಲ್ಲ. ಹೊರಗೆ ಹಾಲಿನವನ ಗಾಡಿ ಹೋಗುತ್ತದೆ, ಬಸ್ಸಿಗೆ ಹೊತ್ತಾಗುತ್ತಿದೆ, ದೇವಿಕಾ ಬಾಗಿಲಿಗೂ ಬೆಂಚಿಗೂ ಓಡಾಡುತ್ತಿದ್ದಾಳೆ. ಮೂರು ತುಂಡಿಗೂ ಬೈರಿಗೆಯಿಂದ ತೂತು ಕೊರೆದು, ಉದ್ದನೆಯ ತಿರುಪಿಗೆ ಸೋಪು ಉಜ್ಜಿ ಅವರು ತಿರುಗಿಸತೊಡಗಿದಾಗ ಮರ ‘ಕಿರ್ರ್’ ಎನ್ನುತ್ತದೆ.

ಹೊಲಿಗೆ ಯಂತ್ರ ನಿಲ್ಲುತ್ತದೆ. ಹಾಶಿಮಸಾಬರು ಬಗ್ಗಿ ಬೆರಳ ತುದಿಯಿಂದ ಸುತ್ತಲೂ ಸವರಿ ನೋಡುತ್ತಾರೆ. ಸೀಳಿಲ್ಲ. ಹಣೆಯ ಬೆವರು ಒರೆಸಿಕೊಂಡು ಉಳಿದ ಅರ್ಧ ತಿರುಪನ್ನು ಜೀವ ಕೈಯಲ್ಲಿ ಹಿಡಿದು ಇಳಿಸುತ್ತಾರೆ. ಕಣ್ಣು ಮುಚ್ಚಿ, ಬಂದೂಕು ಏರಿಸಿ, ಕಣ್ಣು ತೆರೆದ ದೇವಿಕಾ, “ಕಂಡ್ತು ಚಾಚಾ!” ಎಂದು ಕೂಗುತ್ತಾಳೆ.

ಎಂದೂ ಆಯ್ಕೆಯ ಕಡೆ ತಲೆ ಹಾಕದ ಹಾಶಿಮಸಾಬರು ಇವತ್ತು ಬಸ್ಸು ಹತ್ತುತ್ತಾರೆ. ಕಿಸೆಯಲ್ಲಿ ಸ್ಕ್ರೂಡ್ರೈವರ್. ಈ ಸ್ಪ್ರಿಂಗಿನ ಬಂದೂಕುಗಳು ಹಿಂದಕ್ಕೂ ಒದೆಯುತ್ತವೆ, ಮುಂದಕ್ಕೂ ಒದೆಯುತ್ತವೆ. ಹೊಸ ಜೋಡಣೆ ತಡೆದೀತೋ ಇಲ್ಲವೋ ಎಂಬ ದಿಗಿಲು ಅವರಿಗೆ. ಶಹಾಪುರದಲ್ಲಿ ಚಹಾಕ್ಕೆ ಕರೆದರೂ ಇಳಿಯುವುದಿಲ್ಲ.

ಯಾದಗಿರಿಯಲ್ಲಿ ಸ್ಪರ್ಧಿಗಳು ಮತ್ತು ಅವರ ಮಾಸ್ತರರಿಗಷ್ಟೇ ಒಳಗೆ ಪ್ರವೇಶ. ಹಾಶಿಮಸಾಬರು ಗೋಡೆಯಾಚೆ ಬೇವಿನ ಮರದ ಕೆಳಗೆ ಕೂರುತ್ತಾರೆ. ತಾವೇ ಎಣ್ಣೆ ಹಾಕಿದ ಸ್ಪ್ರಿಂಗಿನ ದನಿ ಅವರಿಗೆ ಗೊತ್ತು. “ಅದಾ ನೋಡ್ರಿ, ನಮ್ಮಾಕಿದು” ಎಂದು ಪಕ್ಕದಲ್ಲಿ ಕೂತವರಿಗೆ ಹೇಳುತ್ತಾ ಒಂದೊಂದು ಗುಂಡಿಗೂ ತಲೆಯಾಡಿಸುತ್ತಾರೆ. ನಾಲ್ಕೈದು ಗುಂಡುಗಳಾದ ಮೇಲೆ ಆ ದನಿ ನಿಂತುಹೋಗುತ್ತದೆ. ಉಳಿದವರ ಬಂದೂಕುಗಳು ಟಪಟಪ ಹೊಡೆಯುತ್ತಲೇ ಇವೆ. ಅವಳದು ಇಲ್ಲ.

“ಬಿಡ್ತರಿ. ತಿರುಪ ಬಿಡ್ತು.” ಹಾಶಿಮಸಾಬರು ಸ್ಕ್ರೂಡ್ರೈವರ್ ಹಿಡಿದು ಬಾಗಿಲಿಗೆ ಓಡುತ್ತಾರೆ, ಕಾವಲಿನವನು ಕೈ ಅಡ್ಡ ಹಿಡಿದು ವಾಪಸು ಕಳಿಸುತ್ತಾನೆ. ಅಷ್ಟರಲ್ಲಿ ಒಂದು ಗುಂಡು, ಅವಳದೇ. ಮತ್ತೆ ಉದ್ದಕ್ಕೆ ಮೌನ. ಮತ್ತೊಂದು ಗುಂಡು. ಕೊನೆಯವರೆಗೂ ಹೀಗೇ ನಡೆಯುತ್ತದೆ. ಹಾಶಿಮಸಾಬರಿಗೆ ಕೂರಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ.

ಹೊರಗೆ ಬಂದ ಚಂದ್ರಾಮಪ್ಪ ಮಾಸ್ತರರು ದೂರದಿಂದಲೇ ಕೂಗುತ್ತಾರೆ: “ತಂಡದಾಗ ಅದಾಳ್ರಿ ಸಾಬರೇ!” ಅದು ಇವರ ಕಿವಿಗೆ ಬಿದ್ದಂತಿಲ್ಲ. ದೇವಿಕಾಳ ಕೈಯಿಂದ ಬಂದೂಕು ಇಸಿದುಕೊಂಡು ಜೋಡಣೆಯ ಸುತ್ತ ಬೆರಳಾಡಿಸುತ್ತಾರೆ. ಎಳ್ಳಷ್ಟೂ ಬಿಟ್ಟಿಲ್ಲ.

“ಮತ್ತ ನಡುನಡುವ ಯಾಕ ನಿಂತಿ ನೀನು? ಜೀವ ಹೋಗಿತ್ತಲ್ಲ ನಂದು!”

“ಮೊದಲ ಕುತ್ತಿಗಿ ನೋಯ್ತಿತ್ತು ಚಾಚಾ, ಮುಗದ್ರ ಸಾಕಂತ ಅವಸರಲೇ ಹೊಡದ್ಬಿಡ್ತಿದ್ದೆ. ಇವತ್ತ ನೋಯಲಿಲ್ಲ. ಕೈ ಅಲುಗೋದು ನಿಲ್ಲೋ ತನಕ ಕಾಯ್ದೆ.”

ಹಾಶಿಮಸಾಬರು ಬೇವಿನ ಬುಡದಲ್ಲಿ ಹಾಗೇ ಕೂರುತ್ತಾರೆ, ಈ ಸಲ ನಗುತ್ತಾ. ಕುಂದಾದ ಮೇಲೆ ನಿಮ್ಮ ಹೆಸರನ್ನಾದರೂ ಸಣ್ಣದಾಗಿ ಕೆತ್ತಬಾರದೇ ಎಂದು ಕೇಳಿದರೆ ಕೈಯಾಡಿಸಿ ಬೇಡ ಎನ್ನುತ್ತಾರೆ.

“ಹೆಸರ್ಯಾಕ್ರಿ? ಗುರಿ ಹೊಡದಾಕಿ ಆಕಿ. ಎರಡು ಗುಂಡಿನ ನಡುವ ಬಂದೂಕ ಸುಮ್ಮನಿತ್ತಲ್ರಿ, ಅದಷ್ಟ ನಂದು.”