ಇಸ್ತ್ರಿಗೆ ಸಿಕ್ಕಿಸಿದ ಬಾಚಣಿಗೆ

ಬಾಚಣಿಗೆಗೂ ನನಗೂ ಇದ್ದ ನಂಟು ಕಡಿದುಹೋಗಿ ಹದಿನೈದು ವರ್ಷಗಳಾದವು. ಹಣೆಯೆಂಬುದು ಹಿಂದಕ್ಕೆ ಸರಿಯುತ್ತ, ನೆತ್ತಿಯನ್ನೂ ದಾಟಿ ಕತ್ತಿನ ಸಮೀಪಕ್ಕೆ ಬಂದು ನಿಂತಿರುವುದರಿಂದ, ಮುಖ ತೊಳೆಯುವಾಗ ಎಲ್ಲಿಗೆ ನಿಲ್ಲಿಸಬೇಕೆಂಬುದೇ ನನಗೆ ದಿನನಿತ್ಯದ ಜಿಜ್ಞಾಸೆ. ಇಂಥ ನಾನು ಈಚೆಗೆ ಕೂದಲಿಗೆ ಇಸ್ತ್ರಿ ಹಾಕುವ ವಿದ್ಯೆಯನ್ನು ಕಲಿತೆನೆಂದರೆ ನೀವು ನಗುತ್ತೀರಿ. ನಗಿ, ಬೇಸರವಿಲ್ಲ; ಹೊನ್ನಾಳಿಯ ನಮ್ಮ ಓಣಿಯವರೆಲ್ಲ ಈಗಾಗಲೇ ನಕ್ಕು ಮುಗಿಸಿದ್ದಾರೆ.

ನನ್ನ ಹೆಂಡತಿ ಗಿರಿಜೆ ಗೋವಿನಕೋವಿ ಕಡೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ನಿವೃತ್ತಿಗೆ ಹತ್ತು ದಿನವಿರುವಾಗ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿತ್ತು. ಅವಳದು ಅಪ್ಪಟ ಗುಂಗುರು ಕೂದಲು. ಮದುವೆಯಾಗಿ ಮೂವತ್ತನಾಲ್ಕು ವರ್ಷಗಳಲ್ಲಿ, ತಲೆಸ್ನಾನದ ದಿನವೊಂದನ್ನು ಬಿಟ್ಟರೆ, ಎಣ್ಣೆ ಹಚ್ಚಿ ಬಿಗಿದು ಸುತ್ತಿದ ತುರುಬಿನಿಂದ ಅದು ಹೊರಬಂದದ್ದನ್ನು ನಾನು ಕಂಡಿಲ್ಲ. ಅದನ್ನು ಶಿಕ್ಷಕಿಯ ಶಿಸ್ತು ಎಂದುಕೊಂಡಿದ್ದೆ. ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದೆ.

ಒಂದು ಬೆಳಿಗ್ಗೆ ಅವಳು ಮಗಳು ಬಿಟ್ಟುಹೋಗಿದ್ದ ಹೇರ್ ಸ್ಟ್ರೈಟ್ನರನ್ನು ಕಪಾಟಿನಿಂದ ತೆಗೆದು ತಂದು ನನ್ನ ಮುಂದಿಟ್ಟಳು.

"ಬೀಳ್ಕೊಡುಗೆ ದಿನ ಕೂದ್ಲು ನೆಟ್ಟಗೆ ಮಾಡ್ಕೊಂಡು, ಬಿಟ್ಕೊಂಡು ಹೋಗ್ಬೇಕು ಅಂತ ಐತೆ ನನಗೆ. ಒಂದೇ ಒಂದ್ಸಲ. ಕೈ ನೋಡಿದ್ರೆ ಹಿಂಗಾಗೈತೆ. ನೀವೇ ಮಾಡಿಕೊಡ್ರಿ."

ಎದುರು ಮನೆಯ ರೆಹಾನಾ ಇದ್ದಾಳಲ್ಲ ಎಂದೆ. ರೆಹಾನಾ ಬಟ್ಟೆ ಹೊಲಿಯುತ್ತಾಳೆ, ಜೊತೆಗೆ ಸುತ್ತಮುತ್ತಲ ಮದುವೆಗಳಿಗೆ ಮದುಮಗಳನ್ನು ಅಲಂಕರಿಸಲು ಹೋಗುತ್ತಾಳೆ. ಆದರೆ ಆ ದಿನವೇ ಅವಳಿಗೆ ಚನ್ನಗಿರಿಯಲ್ಲಿ ಮದುವೆಯ ಕೆಲಸವಿತ್ತು. ಹಿಂದಿನ ದಿನವೇ ಹೋಗುವವಳು. ಹೀಗಾಗಿ ಕೇಶಸಂಸ್ಕಾರದ ಹೊಣೆ ನಿಷ್ಕೇಶನಾದ ನನ್ನ ಮೇಲೆ ಬಿತ್ತು.

ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಕೇಶಪಾಶ, ಕುಂತಲ, ಅಳಕ ಎಂದು ಕಪ್ಪುಹಲಗೆಯ ತುಂಬ ಬರೆದವನು. ಲೆಕ್ಕವಿಲ್ಲದಷ್ಟು ಸಮಾಸಗಳನ್ನು ಬಿಡಿಸಿದ್ದೆ. ಒಂದು ಸಿಕ್ಕನ್ನೂ ಬಿಡಿಸಿರಲಿಲ್ಲ. ಅದರ ಫಲ ಅಂದೇ ತಿಳಿಯಿತು. ಕೈತುಂಬ ಕೂದಲು ಹಿಡಿದು, ಯಂತ್ರದ ಎರಡು ಕಾದ ತಟ್ಟೆಗಳ ನಡುವೆ ಸೇರಿಸಿ, ಅಂಗಿಯ ಕಾಲರಿಗೆ ಒತ್ತುವಂತೆ ಒತ್ತಿದೆ. ಯಂತ್ರ ಗಂಟಿನಲ್ಲಿ ಸಿಕ್ಕಿಕೊಂಡು ನಿಂತಿತು. ಕೂದಲು ಸುಟ್ಟ ಕಮರು ವಾಸನೆ ಬಂತು. ಬಿಡಿಸಿಕೊಳ್ಳಲು ಎಳೆದಾಗ ಬೆರಳುದ್ದದ ಒಂದು ಗೊಂಚಲು ಯಂತ್ರದ ಜೊತೆಯಲ್ಲೇ ಬಂದುಬಿಟ್ಟಿತು.

ಗಿರಿಜೆ ಬೈಯಲಿಲ್ಲ. ಎಡಗೈಯಿಂದ ಆ ಗೊಂಚಲನ್ನು ತೆಗೆದುಕೊಂಡು ನೋಡಿ, ಎದ್ದು ಒಳಗೆ ಹೋದಳು. ಸಂಜೆ ಯಂತ್ರವನ್ನು ಮತ್ತೆ ಕಪಾಟಿನಲ್ಲಿಟ್ಟಳು. ಬೈದಿದ್ದರೆ ಸಮರ್ಥಿಸಿಕೊಳ್ಳುವ ಕಲೆ ನನಗೆ ಚೆನ್ನಾಗಿಯೇ ಗೊತ್ತು. ಇದಕ್ಕೆ ಏನು ಮಾಡುವುದೆಂದು ತಿಳಿಯದೆ ಮರುದಿನ ಯಂತ್ರವನ್ನು ಹಿಡಿದುಕೊಂಡು ರೆಹಾನಾಳ ಮನೆ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಂಡೆ.

ಅವಳು ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿದಳು. "ಸರ್, ಸಿಕ್ಕಿನ ಮೇಲೇ ಕಾವು ಒತ್ತೀರಲ್ರೀ! ಪಾಪ ಅಕ್ಕನ ಕೂದ್ಲು" ಎಂದು, ತನ್ನ ಪೆಟ್ಟಿಗೆಯಿಂದ ಕಪ್ಪಗಿನ ಒಂದು ಪಟ್ಟಿಯನ್ನು ತೆಗೆದಳು. ಹಲ್ಲುಗಳಿದ್ದ, ಬೆರಳಗಲದ ಬಾಚಣಿಗೆ. ಅದನ್ನು ಯಂತ್ರದ ತಟ್ಟೆಯ ಅಂಚಿಗೆ ಟಕ್ಕನೆ ಸಿಕ್ಕಿಸಿದಳು.

"ಈ ಹಣಿಗೆ ಮುಂದೆ ಹೋಗಿ ಎಳೆ ಎಳೆ ಬಿಡಿಸ್ತೈತೆ, ಕಾವು ಅದರ ಹಿಂದೆ ಬರ್ತೈತೆ. ಎಲ್ಲಾ ಎಳೆಗೂ ಒಂದೇ ಸಮ ಬಿಸಿ ತಾಗ್ತೈತೆ, ಒಂದೇ ಸಲ ಎಳೆದ್ರೆ ಸಾಕು. ಆದ್ರೆ ಅದಕ್ಕೂ ಮೊದ್ಲು ಕೈಯಾಗೆ ಬಾಚಬೇಕು, ತುದಿಯಿಂದ ಶುರು ಮಾಡಿ ಮೇಲಕ್ಕೆ. ಕೂದ್ಲು ಪೂರಾ ಒಣಗಿರಬೇಕು, ಎಣ್ಣೆ ಇರಬಾರದು. ಎರಡು ಬೆರಳಿನಷ್ಟೇ ತಗೊಳ್ರಿ. ಮತ್ತೆ, ನಡುವೆ ಎಲ್ಲೂ ಕೈ ನಿಲ್ಲಿಸಬ್ಯಾಡ್ರಿ."

ಇನ್ನು ಅಭ್ಯಾಸ ಯಾರ ತಲೆಯ ಮೇಲೆ? ಗಿರಿಜೆಯ ತಾಯಿಯ ಕಾಲದ ಚೌರಿಯೊಂದು ಟ್ರಂಕಿನಲ್ಲಿತ್ತು. ಉದುರಿದ ಕೂದಲನ್ನೇ ಕೂಡಿಸಿ ಕಟ್ಟಿಸಿದ ಅಸಲಿ ಚೌರಿ. ಅದನ್ನು ಬೀದಿ ಕಡೆಯ ಕಿಟಕಿಯ ಸರಳಿಗೆ ಕಟ್ಟಿ ನಾಲ್ಕು ದಿನ ಸಾಧನೆ ಮಾಡಿದೆ. ರೆಹಾನಾ ತನ್ನ ಕಟ್ಟೆಯ ಮೇಲಿಂದಲೇ "ನಿಧಾನ ಸರ್, ನಿಧಾನ" ಎಂದು ಕೂಗುತ್ತಿದ್ದಳು. ಹಾಲು ತರಲು ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಐದನೆಯ ದಿನ ಆ ಚೌರಿಯನ್ನು ಗಿರಿಜೆಯ ಮುಂದಿಟ್ಟೆ. ಅವಳು ಬೆರಳಾಡಿಸಿ ನೋಡಿ, "ಪರವಾಗಿಲ್ಲ" ಎಂದಳು. ಅಷ್ಟು ದೊಡ್ಡ ಪದವಿ ನನಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟಿರಲಿಲ್ಲ.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಕುರ್ಚಿ ಹಾಕಿ, ಹಿಂದಿನ ದಿನವೇ ತಲೆಸ್ನಾನ ಮುಗಿಸಿದ್ದ ಅವಳನ್ನು ಕೂರಿಸಿದೆ. ಎರಡೆರಡು ಬೆರಳಿನಷ್ಟು ಕೂದಲು ಬೇರ್ಪಡಿಸಿ, ತುದಿಯಿಂದ ಬಾಚಿ, ಬುಡಕ್ಕೆ ತುಸು ಅಂತರ ಬಿಟ್ಟು ಯಂತ್ರ ಹಿಡಿದು, ಒಂದೇ ಓಟದಲ್ಲಿ ಕೆಳಗಿಳಿಸಿದೆ. ಹಲ್ಲುಗಳು ಸರಸರನೆ ಮುಂದೆ ಸಾಗಿದವು. ಹಿಂದೆ ಕೂದಲು ನೆಟ್ಟಗಾಗುತ್ತ ಬಂತು. ಎಡಭಾಗ ಮುಗಿಯುತ್ತ ಬಂದಿರಬೇಕು, ಗಿರಿಜೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದಳು:

"ನನ್ನ ನೋಡಾಕೆ ಬಂದಾಗ ನಿಮ್ಮ ಅತ್ತಿಗೆ ಹತ್ರ ಏನಂದಿದ್ರಿ, ನೆನಪೈತೇನು?"

ನನಗೆ ನೆನಪಿರಲಿಲ್ಲ.

"ಎಲ್ಲಾ ಸರಿ, ತಲೆ ಒಂದು ಪೊದೆ ಇದ್ದಂಗೈತೆ ಅಂದಿದ್ರಿ. ನಾನು ಬಾಗಿಲ ಹಿಂದೇನೇ ಇದ್ದೆ. ಅವತ್ತಿಂದ ಒಂದು ದಿನಾನೂ ಕೂದ್ಲು ಬಿಟ್ಕೊಂಡು ಹೊರಗೆ ಹೋಗಿಲ್ಲ ನಾನು."

ನನ್ನ ಕೈ ಅಲ್ಲೇ ನಿಂತಿತು.

"ಕೈ ನಿಲ್ಲಿಸಬ್ಯಾಡ್ರಿ, ಸುಡ್ತೈತೆ" ಎಂದಳು ಅವಳು, ಮಗ್ಗಿ ತಪ್ಪಿದ ಹುಡುಗನಿಗೆ ಹೇಳುವ ದನಿಯಲ್ಲಿ.

ಆ ಎಳೆಯನ್ನು ತುದಿ ಮುಟ್ಟಿಸಿ ಯಂತ್ರವನ್ನು ಕೆಳಗಿಟ್ಟೆ. ಶಿಸ್ತೆಂದು ನಾನು ಕೊಂಡಾಡಿದ್ದು ನನ್ನದೇ ಮಾತಿನ ಗಾಯವಾಗಿತ್ತು. ತಪ್ಪಾಯ್ತು ಗಿರಿಜಾ ಎಂದೆ. ಆಡಿದ್ದು ನಿನಗೆ ಕೇಳಿಸಿತೆಂದಲ್ಲ, ಆಡಿದ್ದೇ ತಪ್ಪು. ಬಲಗಡೆ ಉಳಿದಿರುವ ಗುಂಗುರೇ ಚೆಂದ, ಇದನ್ನೆಲ್ಲ ತೊಳೆದು ಹಾಗೇ ಬಿಟ್ಟುಕೊಂಡು ಹೋಗು ಎಂದೂ ಸೇರಿಸಿದೆ. ನಿಜವಾಗಿಯೂ ಹಾಗೆ ಅನ್ನಿಸಿತ್ತು.

"ಚೆಂದ ಅನ್ನಾಕೆ ಮೂವತ್ನಾಲ್ಕು ವರ್ಷ ಬೇಕಾತು ನಿಮಗೆ" ಎಂದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ಮಾತ್ರ ಒದ್ದೆಯಾಗಿತ್ತು. "ಅದು ನಿಮ್ಮ ಇಷ್ಟ. ಇವತ್ತು ನನ್ನಿಷ್ಟ. ಒಂಬತ್ತಕ್ಕೆ ಬಸ್ಸು. ಆ ಕಡೇದು ಮುಗಿಸ್ರಿ."

ಮುಗಿಸಿದೆ. ಬಲಭಾಗ ಎಡಕ್ಕಿಂತ ಚೆನ್ನಾಗಿಯೇ ಬಂತು.

ಶಾಲೆಯಲ್ಲಿ ಸೊಂಟದವರೆಗೆ ಇಳಿಬಿದ್ದ ಆ ಕೂದಲನ್ನು ಕಂಡು ಸಹೋದ್ಯೋಗಿಗಳು ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ಒಂದನೇ ತರಗತಿಯ ಪುಟ್ಟಿಯೊಬ್ಬಳು ಮಾತ್ರ ಹತ್ತಿರ ಬರದೆ, "ನಮ್ಮ ಮೇಡಂ ಎಲ್ಲಿ?" ಎಂದು ಅತ್ತಳು, ದನಿ ಕೇಳಿದ ಮೇಲೆ ಓಡಿಬಂದು ಸೆರಗು ಹಿಡಿದಳು. ಯಾರು ಮಾಡಿದ್ದು ಇದನ್ನು ಎಂದು ಕೇಳಿದವರಿಗೆ ಗಿರಿಜೆ ವೇದಿಕೆಯ ಮೇಲಿಂದಲೇ, ಮೈಕಿನಲ್ಲಿ, "ನಮ್ಮ ಮನೆಯವರು" ಎಂದು ನನ್ನತ್ತ ಕೈ ತೋರಿಸಿದಳು. ಸಭೆ ತಿರುಗಿ ನನ್ನ ತಲೆಯನ್ನು ನೋಡಿತು. ಅಂದು ಯಾವ ಭಾಷಣಕ್ಕೂ ಅಷ್ಟು ಚಪ್ಪಾಳೆ ಬೀಳಲಿಲ್ಲ.

ಭಾನುವಾರ ಅವಳು ತಲೆಗೆ ನೀರು ಹಾಕಿಕೊಂಡಳು. ಅಷ್ಟೂ ಕೂದಲು ಮತ್ತೆ ಸುರುಳಿ ಸುತ್ತಿಕೊಂಡು ಭುಜದಗಲ ಹರಡಿತು. ನಾನು ಎಣ್ಣೆ ಬಟ್ಟಲು ತಂದೆ. "ಈಗಲೇ ಬ್ಯಾಡ" ಎಂದು, ಹಾಗೆಯೇ ಗೇಟಿನ ಹೊರಗೆ ನಡೆದಳು. ಸೊಪ್ಪಿನ ಗಾಡಿಯವಳು ಕಟ್ಟು ಎತ್ತಿಹಿಡಿದವಳು ಹಿಡಿದಂತೆಯೇ ನಿಂತಳು.

"ಟೀಚರಮ್ಮಾ, ಇಷ್ಟು ಕೂದ್ಲು ಇಷ್ಟು ದಿನ ಎಲ್ಲಿಟ್ಟಿದ್ರಿ?"

"ತಲೆ ಮೇಲೇ ಇತ್ತಮ್ಮ" ಎಂದಳು ಗಿರಿಜೆ. "ಮೆಂತ್ಯ ತಾಜಾ ಐತೇನು, ನೋಡಿ ಕೊಡು."